ಹೆಸರನ್ನು ಬಿಟ್ಟುಕೊಟ್ಟ ಯಂತ್ರಶಿಲ್ಪಿ

ತನ್ನ ಹೆಸರು ತನ್ನ ಕಾಲದ ಅನಂತರವೂ ಉಳಿಯಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಅದಕ್ಕಾಗಿ ಕೆಲವರು ಕೆರೆ ಕಟ್ಟಿಸಿದರು, ಕೆಲವರು ಗುಡಿ ಕಟ್ಟಿಸಿದರು, ಕೆಲವರು ಕಲ್ಲಿನ ಮೇಲೆ ಶಾಸನ ಬರೆಯಿಸಿದರು. ಹೆಸರು ಉಳಿದರೆ ಅದರ ಹಿಂದೆಯೇ ಕೀರ್ತಿಯೂ ಸಂಪತ್ತೂ ಇದ್ದಿರಬೇಕೆಂದು ನಾವು ಊಹಿಸುತ್ತೇವೆ. ಆದರೆ ಕೋಟಿಗಟ್ಟಲೆ ವಾಹನಗಳ ಮೇಲೆ ಹೆಸರು ಮೆರೆಯುತ್ತಿದ್ದರೂ ಆ ವಾಹನಗಳಲ್ಲಿ ಒಂದು ಕಾಸಿನ ಪಾಲೂ ಇಲ್ಲದೆ ಬದುಕು ಮುಗಿಸಿದ ಒಬ್ಬ ಮನುಷ್ಯನಿದ್ದಾನೆ. ಅವನೇ ಲೂಯಿ ಷೆವರ್ಲೆ. ಅವನು ತನ್ನ ಹೆಸರನ್ನು ಹೇಗೆ ಕಳೆದುಕೊಂಡ, ಕಳೆದುಕೊಂಡ ಮೇಲೆ ಏನು ಮಾಡಿದ ಎಂಬುದನ್ನು ತಿಳಿಯುವುದು ಉಚಿತವಾಗಿದೆ.

ಸ್ವಿಟ್ಜರ್‌ಲೆಂಡಿನ ಜೂರಾ ಪರ್ವತಶ್ರೇಣಿಯ ಎತ್ತರದಲ್ಲಿ ಲಾ ಷೋ-ದ-ಫೋಂ ಎಂಬ ಪಟ್ಟಣವಿದೆ. ಗಡಿಯಾರದ ಕೆಲಸವೇ ಆ ಊರಿನ ಉಸಿರು. ಕೆಲಸಗಾರರ ಮೇಜಿನ ಮೇಲೆ ಬೆಳಕು ಚೆನ್ನಾಗಿ ಬೀಳಲೆಂದೇ ಅಲ್ಲಿಯ ಬೀದಿಗಳನ್ನೂ ಮನೆಗಳನ್ನೂ ಯೋಜಿಸಲಾಗಿದೆ. ಚಂಡೀಗಢ ನಗರದ ವಿನ್ಯಾಸಕಾರನಾಗಿ ಭಾರತಕ್ಕೆ ಪರಿಚಿತನಾದ ಲೆ ಕಾರ್ಬೂಸಿಯೆ ಹುಟ್ಟಿದ್ದೂ ಅದೇ ಊರಿನಲ್ಲಿ. ಅಲ್ಲಿಯ ಒಬ್ಬ ಗಡಿಯಾರ ಕಸುಬಿನವನ ಮಗನಾಗಿ ಲೂಯಿ 1878ನೆಯ ಇಸವಿ ಡಿಸೆಂಬರ್ 25ರಂದು ಜನಿಸಿದನು. ಒಂದು ಹಲ್ಲು ಕೂದಲೆಳೆಯಷ್ಟು ತಪ್ಪಿದರೂ ಗಡಿಯಾರ ನಡೆಯದು. ಕೈಕೆಲಸದಲ್ಲಿ ನಿಷ್ಠುರನಾಗಿರಬೇಕೆಂಬ ಪಾಠ ಆ ಮನೆಯ ಗಾಳಿಯಲ್ಲೇ ಇತ್ತು.

ಲೂಯಿ ಬಾಲಕನಾಗಿದ್ದಾಗಲೇ ಕುಟುಂಬ ಫ್ರಾನ್ಸಿನ ಬರ್ಗಂಡಿ ಪ್ರಾಂತದ ಬೋನ್ ಪಟ್ಟಣಕ್ಕೆ ವಲಸೆ ಬಂದಿತು. ತಮ್ಮಂದಿರಲ್ಲಿ ಆರ್ಥರ್ ಅವನಿಗಿಂತ ಐದಾರು ವರ್ಷ ಕಿರಿಯನು. ಗಾಸ್ತೋನ್ ಇನ್ನೂ ಚಿಕ್ಕವನು. ಮನೆಯ ಸ್ಥಿತಿ ಸಾಧಾರಣವಾಗಿದ್ದುದರಿಂದ ಲೂಯಿ ಬೇಗನೆ ದುಡಿಮೆಗೆ ಇಳಿಯಬೇಕಾಯಿತು. ಒಂದು ಬೈಸಿಕಲ್ ಅಂಗಡಿಯಲ್ಲಿ ರಿಪೇರಿಯ ಕೆಲಸ ದೊರೆಯಿತು. ಹಗಲು ಸೈಕಲ್ಲುಗಳನ್ನು ಬಿಚ್ಚಿ ಜೋಡಿಸುವುದು, ಬಿಡುವಿನಲ್ಲಿ ಅವುಗಳನ್ನೇರಿ ಪಂದ್ಯಗಳಲ್ಲಿ ಓಡುವುದು, ಇದು ಅವನ ದಿನಚರಿಯಾಯಿತು. ದ್ರಾಕ್ಷಾರಸವನ್ನು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ತುಂಬುವ ಪಂಪೊಂದನ್ನು ಆ ವಯಸ್ಸಿನಲ್ಲೇ ಅವನು ಮಾಡಿದ್ದನೆಂದು ಹೇಳುತ್ತಾರೆ. ಯಂತ್ರವನ್ನು ಮಾಡುವುದು ಮತ್ತು ಅದನ್ನು ತಾನೇ ಓಡಿಸಿ ನೋಡುವುದು, ಈ ಎರಡೂ ಕೊನೆಯವರೆಗೆ ಅವನಲ್ಲಿ ಬೇರೆ ಬೇರೆಯಾಗಲಿಲ್ಲ.

ಆ ಕಾಲಕ್ಕೆ ಪ್ಯಾರಿಸ್ ನಗರದಲ್ಲಿ ಮೋಟಾರುಕಾರಿನ ಉದ್ಯಮ ಕಣ್ಣು ಬಿಡುತ್ತಿತ್ತು. ಲೂಯಿ ಅಲ್ಲಿಗೆ ಹೋಗಿ ಎಂಜಿನ್ನುಗಳ ವಿಷಯವನ್ನು ಕಲಿತನು. 1900ರಲ್ಲಿ ಸಮುದ್ರ ದಾಟಿ ಕೆನಡಾದ ಮಾಂಟ್ರಿಯಲ್ ನಗರಕ್ಕೆ ಬಂದು, ಅಲ್ಲಿಂದ ನ್ಯೂಯಾರ್ಕಿಗೆ ಇಳಿದು, ಫ್ರೆಂಚ್ ಕಾರು ಸಂಸ್ಥೆಯೊಂದರ ಶಾಖೆಯಲ್ಲಿ ಮೆಕ್ಯಾನಿಕ್ ಆದನು. ಅಪರಿಚಿತ ದೇಶದಲ್ಲಿ ಅವನಿಗೆ ಬೆಂಬಲವಾಗಿದ್ದುದು ಅವನ ಕೈಚಳಕ ಮಾತ್ರ. 1905ನೆಯ ಇಸವಿಯ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮಾರಿಸ್ ಪಾರ್ಕ್ ಪಂದ್ಯದಲ್ಲಿ ಫಿಯಟ್ ಕಾರನ್ನು ಓಡಿಸುವ ಅವಕಾಶ ದೊರೆತಾಗ, ಅಮೆರಿಕದ ಅತ್ಯಂತ ಪ್ರಸಿದ್ಧ ಚಾಲಕನಾಗಿದ್ದ ಬಾರ್ನಿ ಓಲ್ಡ್‌ಫೀಲ್ಡನನ್ನು ಅವನು ಸೋಲಿಸಿದನು. ಆ ದಿನ ಅವನು ಒಂದು ಮೈಲಿಯ ದೂರವನ್ನು ಕ್ರಮಿಸಲು ತೆಗೆದುಕೊಂಡುದು ಒಂದು ನಿಮಿಷಕ್ಕಿಂತ ಕಡಿಮೆ ಕಾಲ. ದಿನ ಬೆಳಗಾಗುವುದರೊಳಗೆ ಅವನ ಹೆಸರು ಪತ್ರಿಕೆಗಳಲ್ಲಿ ಅಚ್ಚಾಯಿತು.

ಪಂದ್ಯದಲ್ಲಿ ಗೆದ್ದ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯುಂಟೆಂಬುದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡವನು ವಿಲಿಯಂ ಡ್ಯೂರಾಂಟ್. ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ಕುದುರೆಗಾಡಿಗಳನ್ನು ಮಾಡಿಸಿ ಹಣ ಗಳಿಸಿದ್ದ ಈತ, ಬ್ಯೂಕ್ ಎಂಬ ಕಾರು ಸಂಸ್ಥೆಯನ್ನು ಕೈಗೆ ತೆಗೆದುಕೊಂಡು ಬೆಳೆಸಿ, 1908ರಲ್ಲಿ ಜನರಲ್ ಮೋಟಾರ್ಸ್ ಎಂಬ ದೊಡ್ಡ ಸಂಸ್ಥೆಯನ್ನು ಕಟ್ಟಿದನು. ಅವನ ಬ್ಯೂಕ್ ತಂಡಕ್ಕೆ ಲೂಯಿಯೂ ಆರ್ಥರನೂ ಸೇರಿದರು. 1909ರಲ್ಲಿ ಇಂಡಿಯಾನಾ ರಾಜ್ಯದ ಕ್ರೌನ್ ಪಾಯಿಂಟಿನಲ್ಲಿ ನಡೆದ ಕೋಬ್ ಟ್ರೋಫಿಯ ಸುಮಾರು 400 ಮೈಲಿಗಳ ಓಟವನ್ನು ಲೂಯಿ ಬ್ಯೂಕ್ ಕಾರಿನಲ್ಲಿ ಗೆದ್ದನು. ಆದರೆ ಮರುವರ್ಷವೇ ಸಾಲದ ಹೊರೆಯಿಂದಾಗಿ ಡ್ಯೂರಾಂಟ್ ತಾನು ಕಟ್ಟಿದ ಜನರಲ್ ಮೋಟಾರ್ಸಿನ ಆಡಳಿತವನ್ನು ಬ್ಯಾಂಕುಗಳಿಗೆ ಒಪ್ಪಿಸಬೇಕಾಯಿತು. ಕಳೆದುಕೊಂಡುದನ್ನು ಮರಳಿ ಪಡೆಯಲು ಅವನಿಗೆ ಒಂದು ಹೊಸ ಕಂಪನಿ ಬೇಕಾಗಿತ್ತು, ಅದಕ್ಕೊಂದು ಜನಪ್ರಿಯ ಹೆಸರು ಬೇಕಾಗಿತ್ತು.

ಹೀಗೆ 1911ನೆಯ ಇಸವಿ ನವೆಂಬರ್ 3ರಂದು ಡೆಟ್ರಾಯಿಟ್ ನಗರದಲ್ಲಿ ಷೆವರ್ಲೆ ಮೋಟಾರ್ ಕಾರ್ ಕಂಪನಿ ಹುಟ್ಟಿತು. ಹಣ, ಯೋಜನೆ, ವ್ಯಾಪಾರ ಡ್ಯೂರಾಂಟನವು. ಹೆಸರು ಮತ್ತು ಯಂತ್ರಜ್ಞಾನ ಲೂಯಿಯವು. ಎತಿಯೆನ್ ಪ್ಲಾಂಷ್ ಎಂಬ ಎಂಜಿನಿಯರನ ನೆರವಿನಿಂದ ಲೂಯಿ ತನ್ನ ಮನಸ್ಸಿನಲ್ಲಿದ್ದ ಕಾರನ್ನು ರೂಪಿಸಿದನು. ಕ್ಲಾಸಿಕ್ ಸಿಕ್ಸ್ ಎಂದು ಹೆಸರಾದ ಆ ಕಾರಿಗೆ ಆರು ಸಿಲಿಂಡರುಗಳ, ಸುಮಾರು ಐದು ಲೀಟರ್ ಗಾತ್ರದ ಎಂಜಿನ್ ಇತ್ತು. ಐದು ಜನ ಆರಾಮವಾಗಿ ಕುಳಿತು ಪ್ರಯಾಣಮಾಡಬಹುದಾಗಿತ್ತು. ಕೆಲಸ ಎಲ್ಲ ಕಡೆಯೂ ಅಚ್ಚುಕಟ್ಟು. ಬೆಲೆ ಮಾತ್ರ 2,150 ಡಾಲರ್. ಅದೇ ಕಾಲದಲ್ಲಿ ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು 600 ಡಾಲರಿನ ಆಸುಪಾಸಿನಲ್ಲಿ ದೊರೆಯುತ್ತಿತ್ತು.

ಇಲ್ಲಿಯೇ ಇಬ್ಬರ ದಾರಿಗಳೂ ಕವಲೊಡೆದವು. ಸಾಮಾನ್ಯ ರೈತನೂ ಗುಮಾಸ್ತನೂ ಕೊಳ್ಳಬಹುದಾದ ಅಗ್ಗದ ಕಾರನ್ನು ಲಕ್ಷಗಟ್ಟಲೆ ಮಾಡಿ ಫೋರ್ಡನಿಗೆ ಎದುರಾಗಬೇಕೆಂಬುದು ಡ್ಯೂರಾಂಟನ ಲೆಕ್ಕ. ತನ್ನ ಹೆಸರಿರುವ ಕಾರು ಎಲ್ಲಕ್ಕಿಂತ ಉತ್ತಮವಾಗಿರಬೇಕೇ ಹೊರತು ಅಗ್ಗದ್ದಾಗಬಾರದೆಂಬುದು ಲೂಯಿಯ ಹಟ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಬಡವನಿಗೂ ವಾಹನ ಸಿಗಬೇಕೆಂಬುದು ತಪ್ಪಲ್ಲ. ಕೆಲಸ ಕೀಳಾಗಬಾರದೆಂಬುದೂ ತಪ್ಪಲ್ಲ. ಆದರೆ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ಲೂಯಿ ಸದಾ ತುಟಿಯಲ್ಲಿ ಸಿಗರೇಟು ಇಟ್ಟುಕೊಂಡಿರುತ್ತಿದ್ದುದನ್ನು ಡ್ಯೂರಾಂಟ್ ಆಕ್ಷೇಪಿಸಿದನೆಂದೂ, ಕಂಪನಿಯ ಮುಖ್ಯಸ್ಥನಿಗೆ ಸಿಗಾರ್ ಶೋಭಿಸುತ್ತದೆಂದು ಬುದ್ಧಿ ಹೇಳಿದನೆಂದೂ, ಅದರಿಂದ ಲೂಯಿಯ ಸ್ವಾಭಿಮಾನ ಕೆರಳಿತೆಂದೂ ಒಂದು ಕಥೆಯಿದೆ. ಕಥೆ ಹೇಗೇ ಇರಲಿ, ಜಗಳದ ಬೇರು ಮಾತ್ರ ಕಾರಿನ ಸ್ವರೂಪದಲ್ಲಿಯೇ ಇತ್ತು.

1913ರಲ್ಲಿ ಲೂಯಿ ಕಂಪನಿಯನ್ನು ತೊರೆದನು. ತನ್ನ ಷೇರುಗಳನ್ನು ಮಾರಿದನು. ಕಾರುಗಳಿಗೆ ಷೆವರ್ಲೆ ಎಂಬ ಹೆಸರಿಡುವ ಹಕ್ಕು ಕಂಪನಿಯಲ್ಲಿಯೇ ಉಳಿಯಿತು. ತಂದೆಯಿಂದ ಬಂದ ಹೆಸರು ವ್ಯಾಪಾರದ ಸ್ವತ್ತಾಗಿ ಪರರ ಪಾಲಾಯಿತು. ಇಂದು ಆ ಕಾರುಗಳ ಮೇಲೆ ಕಾಣುವ ಬಿಲ್ಲುಗಂಟಿನ ಆಕಾರದ ಲಾಂಛನ ಕೂಡ 1914ರ ಮಾದರಿಗಳ ಮೇಲೆ ಮೊದಲು ಕಾಣಿಸಿಕೊಂಡಿತು; ಆಗ ಲೂಯಿ ಕಂಪನಿಯಲ್ಲಿ ಇರಲಿಲ್ಲ. 1915ರಲ್ಲಿ ಡ್ಯೂರಾಂಟ್ 490 ಡಾಲರ್ ಬೆಲೆಯ ಕಾರನ್ನು ಪ್ರಕಟಿಸಿದನು. ಬೆಲೆಯ ಅಂಕಿಯನ್ನೇ ಅದಕ್ಕೆ ಹೆಸರಾಗಿ ಇಟ್ಟನು. ಅದು ಬಿರುಗಾಳಿಯಂತೆ ಮಾರಾಟವಾಯಿತು. ಷೆವರ್ಲೆ ಕಂಪನಿಯ ಷೇರುಗಳನ್ನು ಕೊಟ್ಟು ಜನರಲ್ ಮೋಟಾರ್ಸಿನ ಷೇರುಗಳನ್ನು ಪಡೆಯುತ್ತ ಹೋಗಿ 1916ರಲ್ಲಿ ಅವನು ತನ್ನ ಹಳೆಯ ಸಂಸ್ಥೆಯನ್ನೇ ಮತ್ತೆ ವಶಪಡಿಸಿಕೊಂಡನು. 1927ರ ಹೊತ್ತಿಗೆ ಷೆವರ್ಲೆ ಮಾರಾಟದಲ್ಲಿ ಫೋರ್ಡನ್ನೂ ಹಿಂದೆ ಹಾಕಿತು. ಲೂಯಿ ಷೇರುಗಳನ್ನು ಇಟ್ಟುಕೊಂಡಿದ್ದರೆ ಅಮೆರಿಕದ ಶ್ರೀಮಂತರಲ್ಲಿ ಒಬ್ಬನಾಗುತ್ತಿದ್ದನು.

ಹೆಸರಿಲ್ಲದ ಲೂಯಿ ಸುಮ್ಮನೆ ಕುಳಿತುಕೊಳ್ಳಲಿಲ್ಲ. ತಮ್ಮಂದಿರಿಬ್ಬರನ್ನೂ ಜೊತೆಗೂಡಿಸಿಕೊಂಡು ಫ್ರಾಂಟೆನ್ಯಾಕ್ ಮೋಟಾರ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಹದಿನೇಳನೆಯ ಶತಮಾನದಲ್ಲಿ ಕೆನಡಾದ ಫ್ರೆಂಚ್ ವಸಾಹತುಗಳನ್ನು ಆಳಿದ ರಾಜ್ಯಪಾಲನ ಹೆಸರು ಅದು. ಮೊದಲು ಓಟದ ಕಾರುಗಳನ್ನು ಮಾಡಿ ಕೀರ್ತಿ ಸಂಪಾದಿಸುವುದು, ಆ ಕೀರ್ತಿಯ ಬಲದಿಂದ ಜನರ ಬಳಕೆಯ ಕಾರುಗಳನ್ನು ಮಾಡುವುದು, ಇದು ಅವನ ಸಂಕಲ್ಪ. 1916ರಲ್ಲಿ ಫ್ರಾಂಟೆನ್ಯಾಕ್ ಕಾರುಗಳು ಇಂಡಿಯಾನಾಪೊಲಿಸ್ ಓಟದಲ್ಲಿ ಕಾಣಿಸಿಕೊಂಡವು. ಅವುಗಳಲ್ಲಿ ಲೂಯಿ ಅಲ್ಯೂಮಿನಿಯಮನ್ನು ಧಾರಾಳವಾಗಿ ಬಳಸಿದ್ದನು. ಒಂದೇ ಗಾತ್ರದ ಕಬ್ಬಿಣಕ್ಕೆ ಹೋಲಿಸಿದರೆ ಅಲ್ಯೂಮಿನಿಯಮ್ಮಿನ ತೂಕ ಮೂರರಲ್ಲಿ ಒಂದು ಪಾಲಿನಷ್ಟು. ತೂಕ ಇಳಿದರೆ ಅದೇ ಎಂಜಿನ್ ಕಾರನ್ನು ಹೆಚ್ಚು ವೇಗವಾಗಿ ಎಳೆಯುತ್ತದೆ; ಟೈರುಗಳೂ ಕಡಿಮೆ ಸವೆಯುತ್ತವೆ. ಇಂದು ಸಾಮಾನ್ಯವೆನಿಸುವ ಈ ವಿಚಾರ ಅಂದು ಧೈರ್ಯದ ಮಾತಾಗಿತ್ತು.

ಇಂಡಿಯಾನಾಪೊಲಿಸ್ಸಿನ ಓಟದ ಕಣವು ಎರಡೂವರೆ ಮೈಲಿ ಸುತ್ತಳತೆಯದು. ಆಗ ಅದಕ್ಕೆ ಇಟ್ಟಿಗೆ ಹಾಸಿತ್ತು. ಅದನ್ನು 200 ಬಾರಿ ಸುತ್ತಿದರೆ 500 ಮೈಲಿ, ಎಂದರೆ ಸುಮಾರು 800 ಕಿಲೋಮೀಟರ್ ಆಗುತ್ತದೆ. ಮೊದಲ ಮಹಾಯುದ್ಧದ ಕಾರಣ 1917 ಮತ್ತು 1918ರಲ್ಲಿ ಓಟ ನಡೆಯಲಿಲ್ಲ. 1919ರಲ್ಲಿ ಓಟ ಮತ್ತೆ ಪ್ರಾರಂಭವಾದಾಗ ಲೂಯಿ ತಾನೇ ಚಾಲಕನಾಗಿ ಏಳನೆಯ ಸ್ಥಾನ ಪಡೆದನು. ಆ ಓಟದಲ್ಲಿ ಅವನು ಗಳಿಸಿದ ಅತ್ಯುನ್ನತ ಸ್ಥಾನ ಅದೇ. ಆದರೆ ಅವನ ಕಾರುಗಳಿಗೆ ಅದಕ್ಕಿಂತ ಒಳ್ಳೆಯ ದಿನಗಳು ಕಾದಿದ್ದವು.

1920ರ ಓಟಕ್ಕಾಗಿ ಎಂಜಿನ್ನಿನ ಗಾತ್ರ ಮೂರು ಲೀಟರನ್ನು ಮೀರಬಾರದೆಂಬ ಹೊಸ ನಿಯಮ ಬಂದಿತು. ಮನ್ರೋ ಎಂಬ ಕಾರನ್ನು ತಯಾರಿಸುತ್ತಿದ್ದ ಇಂಡಿಯಾನಾಪೊಲಿಸ್ಸಿನ ಸಂಸ್ಥೆಯೊಂದು ಲೂಯಿಯ ಸಹಾಯವನ್ನು ಕೋರಿತು. ಅವನು ಒಂದೇ ವಿನ್ಯಾಸದ ಏಳು ಕಾರುಗಳನ್ನು ಸಿದ್ಧಪಡಿಸಿದನು. ನಾಲ್ಕಕ್ಕೆ ಮನ್ರೋ ಎಂದೂ ಮೂರಕ್ಕೆ ಫ್ರಾಂಟೆನ್ಯಾಕ್ ಎಂದೂ ಹೆಸರು. ಮೇ 31ರಂದು ಓಟ ಪ್ರಾರಂಭವಾಯಿತು. ದುರದೃಷ್ಟಕ್ಕೆ, ಚಕ್ರಗಳನ್ನು ತಿರುಗಿಸುವ ಸ್ಟಿಯರಿಂಗಿನ ಒಂದು ಸಣ್ಣ ಉಕ್ಕಿನ ಭಾಗ ದುರ್ಬಲವಾಗಿತ್ತು. ಅದು ಒಂದಾದ ಮೇಲೊಂದು ಕಾರಿನಲ್ಲಿ ಮುರಿಯಿತು. ಲೂಯಿಯ ಕಾರೂ ನಡುವೆಯೇ ಹೊರಬಿದ್ದಿತು. ಗಡಿಯಾರದವನ ಮಗನಿಗೆ ಒಂದು ಸಣ್ಣ ಭಾಗದ ಬೆಲೆ ತಿಳಿಯದ ವಿಷಯವಲ್ಲ. ಬದಿಯಲ್ಲಿ ನಿಂತು ಉಳಿದ ಕಾರುಗಳನ್ನು ನೋಡುತ್ತಿದ್ದ ಅವನ ಆತಂಕವನ್ನು ನಾವು ಊಹಿಸಬಹುದು.

ಆದರೆ ಕಿರಿಯ ತಮ್ಮ ಗಾಸ್ತೋನನ ಮನ್ರೋ ಕಾರು ಮಾತ್ರ ನಿಲ್ಲದೆ ಓಡುತ್ತಿತ್ತು. ಅವನು ಕಾರನ್ನು ಬಹು ಜಾಣ್ಮೆಯಿಂದ ನಡೆಸಿದನು. 500 ಮೈಲಿಗಳಲ್ಲಿ ಒಮ್ಮೆಯೂ ಟೈರು ಬದಲಾಯಿಸಲಿಲ್ಲ. ಬಹಳ ಮುಂದೆ ಇದ್ದ ರಾಲ್ಫ್ ಡಿಪಾಲ್ಮಾನ ಕಾರು ಕೊನೆಯ ಸುತ್ತುಗಳಲ್ಲಿ ಕೈಕೊಟ್ಟಿತು. ಗಾಸ್ತೋನ್ ಗಂಟೆಗೆ 88 ಮೈಲಿಗೂ ಹೆಚ್ಚಿನ ಸರಾಸರಿ ವೇಗದಲ್ಲಿ ಗುರಿಯನ್ನು ಮುಟ್ಟಿದನು. 1912ರ ಅನಂತರ ಅಮೆರಿಕದಲ್ಲಿ ತಯಾರಾದ ಕಾರೊಂದು ಆ ಓಟವನ್ನು ಗೆದ್ದುದು ಅದೇ ಮೊದಲು. ಅಣ್ಣ ಮಾಡಿದ ಯಂತ್ರವನ್ನು ತಮ್ಮ ಗೆಲ್ಲಿಸಿದ ಆ ದಿನ ಷೆವರ್ಲೆ ಸಹೋದರರ ಬಾಳಿನ ಶಿಖರವೆನ್ನಬಹುದು.

ಆ ಸಂತೋಷ ಆರು ತಿಂಗಳೂ ಉಳಿಯಲಿಲ್ಲ. ಅದೇ ವರ್ಷದ ನವೆಂಬರ್ 25ರಂದು ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್ ಎಂಬಲ್ಲಿ ಮರದ ಹಲಗೆ ಹಾಸಿದ ಕಣದಲ್ಲಿ ಓಟ ನಡೆಯಿತು. ಗಾಸ್ತೋನನ ಕಾರು ಇನ್ನೊಂದು ಕಾರಿಗೆ ಅಪ್ಪಳಿಸಿತು. ಗಾಸ್ತೋನನೂ ಮತ್ತೊಬ್ಬ ಚಾಲಕನೂ ಆತನ ಸಹಾಯಕ ಮೆಕ್ಯಾನಿಕ್ಕನೂ ಪ್ರಾಣ ಕಳೆದುಕೊಂಡರು. ಗಾಸ್ತೋನನಿಗೆ ಆಗ ಕೇವಲ 28 ವರ್ಷ. ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಎಂಬ ಗೌರವ ಅವನು ಗತಿಸಿದ ಮೇಲೆ ಅವನ ಹೆಸರಿಗೆ ಬಂದಿತು. ಲೂಯಿ ಅಂದಿನಿಂದ ಓಟದ ಕಾರಿನ ಚಕ್ರ ಹಿಡಿಯಲಿಲ್ಲ. ತಾನೇ ಕಲಿಸಿದ ವಿದ್ಯೆ ತಮ್ಮನನ್ನು ನುಂಗಿತಲ್ಲಾ ಎಂಬ ನೋವು ಯಾವ ಅಣ್ಣನಿಗೆ ತಪ್ಪೀತು?

ಚಾಲಕನು ನಿವೃತ್ತನಾದರೂ ಯಂತ್ರಶಿಲ್ಪಿ ನಿವೃತ್ತನಾಗಲಿಲ್ಲ. ಎಂಟು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ ಹೊಸ ಫ್ರಾಂಟೆನ್ಯಾಕ್ ಕಾರು ಸಿದ್ಧವಾಯಿತು. 1921ರ ಓಟದಲ್ಲಿ ಅದನ್ನು ನಡೆಸಿದವನು ಟಾಮಿ ಮಿಲ್ಟನ್, ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡಿದ್ದ ಸಾಹಸಿ. ಅವನು ಮೊದಲಿಗನಾಗಿ ಬಂದನು. ಸಾಲಾಗಿ ಎರಡು ವರ್ಷ ಒಬ್ಬನೇ ಯಂತ್ರಶಿಲ್ಪಿಯ ಕಾರುಗಳು ಇಂಡಿಯಾನಾಪೊಲಿಸ್ ಓಟವನ್ನು ಗೆದ್ದಂತಾಯಿತು. ಆ ಎರಡು ಕಾರುಗಳ ಮೇಲೂ ಮಾಡಿದವನ ಹೆಸರು ಇರಲಿಲ್ಲ.

ಈಗ ಜನಬಳಕೆಯ ಕಾರನ್ನು ತಯಾರಿಸುವ ಕಾಲ ಬಂದಿತೆಂದು ಲೂಯಿ ಭಾವಿಸಿದನು. ಸ್ಟುಟ್ಜ್ ಎಂಬ ಪ್ರಸಿದ್ಧ ಕಾರು ಸಂಸ್ಥೆಯ ಹಣವಂತರು ಬೆಂಬಲಕ್ಕೆ ಬಂದರು. ಕಾರಿನ ವಿನ್ಯಾಸವೂ ಸಿದ್ಧವಾಯಿತು. ಆದರೆ ಯುದ್ಧ ಮುಗಿದ ಮೇಲೆ ಬಂದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಅನೇಕ ಕಾರು ಕಾರ್ಖಾನೆಗಳು ತತ್ತರಿಸುತ್ತಿದ್ದವು. ನೆರವಿಗೆ ಬಂದವರೇ ದಿವಾಳಿಯಾದರು. ಹೆಸರು ಬಿಟ್ಟರೆ ಲೂಯಿಗೆ ಬೇರೆ ಬಂಡವಾಳವಿರಲಿಲ್ಲ. ಆ ಹೆಸರೂ ಈಗ ಅವನದಾಗಿರಲಿಲ್ಲ. ಫ್ರಾಂಟೆನ್ಯಾಕ್ ಕಾರು ಮಾರುಕಟ್ಟೆಯನ್ನು ಕಾಣಲೇ ಇಲ್ಲ. ಹತ್ತು ವರ್ಷವೂ ತುಂಬುವ ಮೊದಲೇ ಸಂಸ್ಥೆ ಮುಚ್ಚಿಹೋಯಿತು.

ಆದರೂ ಫ್ರಾಂಟೆನ್ಯಾಕಿನ ನೆನಪು ಇನ್ನೊಂದು ರೀತಿಯಲ್ಲಿ ಉಳಿಯಿತು. ಅಮೆರಿಕದ ಹಳ್ಳಿಹಳ್ಳಿಗಳಲ್ಲೂ ಫೋರ್ಡನ ಮಾಡೆಲ್ ಟಿ ಕಾರುಗಳಿದ್ದವು. ಅದರ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಕ್ಕೆ ಬಿಡುವ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿದ್ದುದರಿಂದ ಆ ಮಿಶ್ರಣ ಸುತ್ತುದಾರಿಯಲ್ಲಿ ಬರಬೇಕಾಗಿತ್ತು. ಷೆವರ್ಲೆ ಸಹೋದರರು ಎಂಜಿನ್ನಿನ ಮೇಲ್ಭಾಗದ ಮುಚ್ಚಳವನ್ನೇ ಹೊಸದಾಗಿ ಎರಕ ಹೊಯ್ದು, ಕವಾಟಗಳು ಸಿಲಿಂಡರಿನ ನೆತ್ತಿಯ ಮೇಲೆ ಬರುವಂತೆ ಮಾಡಿದರು. ಎಂಜಿನ್ ಸಲೀಸಾಗಿ ಉಸಿರಾಡಿತು. ಅದರ ಶಕ್ತಿ ಹೆಚ್ಚಿತು. ಇದು ಫ್ರಾಂಟಿ ಎಂಬ ಹೆಸರಿನಲ್ಲಿ ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾಯಿತು. ಸಣ್ಣ ಊರುಗಳ ತರುಣರು ಹಳೆಯ ಫೋರ್ಡುಗಳಿಗೆ ಇದನ್ನು ಅಳವಡಿಸಿ ಮಣ್ಣಿನ ಕಣಗಳಲ್ಲಿ ಓಡಿಸಿದರು. 1923ರ ಇಂಡಿಯಾನಾಪೊಲಿಸ್ ಓಟದಲ್ಲಿ ಅಂಥ ಒಂದು ಫೋರ್ಡ್ ಐದನೆಯ ಸ್ಥಾನ ಪಡೆಯಿತು. ವಿಧಿಯ ಆಟವೆಂದರೆ ಇದು: ಲೂಯಿಯ ಹೆಸರಿನ ಕಾರು ಫೋರ್ಡನ್ನು ಸೋಲಿಸಲು ಹೊರಟಿತ್ತು, ಲೂಯಿ ಫೋರ್ಡ್ ಕಾರನ್ನು ವೇಗವಾಗಿ ಓಡಿಸಿ ಜೀವನ ಸಾಗಿಸುತ್ತಿದ್ದನು.

1920ರ ದಶಕದ ಕೊನೆಯಲ್ಲಿ ಲೂಯಿಯೂ ಆರ್ಥರನೂ ವಿಮಾನಗಳ ಎಂಜಿನ್ ತಯಾರಿಕೆಗೆ ಕೈಹಾಕಿದರು. ಆ ಉದ್ಯಮವೂ ನಿಲ್ಲಲಿಲ್ಲ. ಸಹೋದರರ ನಡುವೆ ಮನಸ್ತಾಪವೂ ಬೆಳೆಯಿತು. 1929ರ ಮಹಾಕುಸಿತ ಉಳಿದಿದ್ದ ಅಲ್ಪಸ್ವಲ್ಪವನ್ನೂ ಕೊಚ್ಚಿಕೊಂಡುಹೋಯಿತು. ಜೀವನೋಪಾಯಕ್ಕಾಗಿ ಲೂಯಿ ಡೆಟ್ರಾಯಿಟಿಗೆ ಮರಳಿ, ಜನರಲ್ ಮೋಟಾರ್ಸಿನ ಷೆವರ್ಲೆ ವಿಭಾಗದಲ್ಲಿಯೇ ಸಂಬಳದ ಕೆಲಸಕ್ಕೆ ಸೇರಿಕೊಂಡನು. ಕಾರ್ಖಾನೆಯ ಬಾಗಿಲ ಮೇಲಿದ್ದ ಹೆಸರು ಅವನದು; ಒಳಗೆ ಅವನು ಕೆಲಸಗಾರರಲ್ಲಿ ಒಬ್ಬ. 1934ರಲ್ಲಿ ಮಗ ಚಾರ್ಲ್ಸ್ ತೀರಿಕೊಂಡನು. ಕಾಯಿಲೆ ಲೂಯಿಯ ದೇಹವನ್ನು ಹಣ್ಣು ಮಾಡಿತು. ವಿಶ್ರಾಂತಿಗಾಗಿ ಫ್ಲಾರಿಡಾಕ್ಕೆ ಹೋಗಿದ್ದವನು ಮತ್ತೆ ಡೆಟ್ರಾಯಿಟಿಗೆ ಬಂದು 1941ನೆಯ ಇಸವಿ ಜೂನ್ 6ರಂದು ಕಣ್ಣು ಮುಚ್ಚಿದನು. ಅವನಿಗೆ ಆಗ 62 ವರ್ಷ. ಗಾಸ್ತೋನ್ ಮಲಗಿರುವ ಇಂಡಿಯಾನಾಪೊಲಿಸ್ಸಿನ ಸ್ಮಶಾನದಲ್ಲಿಯೇ ಅವನ ಸಮಾಧಿಯೂ ಇದೆ.

ಹೆಸರನ್ನು ಕೊಂಡವನ ಗತಿಯೂ ಏನಾಯಿತೆಂದು ಹೇಳದಿದ್ದರೆ ಕಥೆ ಪೂರ್ಣವಾಗದು. ಡ್ಯೂರಾಂಟ್ 1920ರಲ್ಲಿ ಜನರಲ್ ಮೋಟಾರ್ಸನ್ನು ಎರಡನೆಯ ಬಾರಿ ಕಳೆದುಕೊಂಡನು. ಮಹಾಕುಸಿತದಲ್ಲಿ ಸರ್ವಸ್ವವೂ ಹೋಗಿ 1936ರಲ್ಲಿ ದಿವಾಳಿಯಾದನು. ಮುಪ್ಪಿನಲ್ಲಿ ಫ್ಲಿಂಟ್ ಊರಿನಲ್ಲಿ ಒಂದು ಬೌಲಿಂಗ್ ಆಟದ ಅಂಗಳ ನಡೆಸಿ, 1947ರಲ್ಲಿ ತೀರಿಕೊಂಡನು. ಇಬ್ಬರೂ ಹೋದರು, ಹೆಸರು ಮಾತ್ರ ದೇಶ ದೇಶಗಳನ್ನು ಸುತ್ತಿತು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಕಾರು ಜೋಡಿಸುವ ಕಾರ್ಖಾನೆಯನ್ನು ತೆರೆದಾಗ ಆ ಹೆಸರು ಭಾರತದ ರಸ್ತೆಗಳಲ್ಲೂ ಪರಿಚಿತವಾಯಿತು. ನಮ್ಮ ಹಿರಿಯರ ಬಾಯಲ್ಲಿ ಷೆವರ್ಲೆ ಎಂದರೆ ಒಂದು ಕಾರು ಅಥವಾ ಒಂದು ಲಾರಿ. ಅದು ಒಬ್ಬ ಮನುಷ್ಯನ ಹೆಸರೆಂದು ತಿಳಿದವರು ಎಷ್ಟು ಜನವಿದ್ದರು? ಮುಂದೆ 2017ರ ಕೊನೆಯಲ್ಲಿ ನಮ್ಮ ದೇಶದಲ್ಲಿ ಆ ಕಾರುಗಳ ಮಾರಾಟ ನಿಂತಿತು.

ಲೂಯಿ ಷೆವರ್ಲೆ ವ್ಯವಹಾರದಲ್ಲಿ ಸೋತವನು. ಮುಂಗೋಪಿಯಾಗಿದ್ದನು, ಹಟಮಾರಿಯಾಗಿದ್ದನು, ಷೇರುಗಳನ್ನು ಮಾರಿದ್ದು ಅವನ ದುಡುಕೆಂದು ಯಾರಾದರೂ ಹೇಳಿದರೆ ಅಲ್ಲವೆನ್ನಲಾಗದು. ಆದರೆ ಒಪ್ಪದ ಕೆಲಸಕ್ಕೆ ತನ್ನ ಕೈಯನ್ನು ಕೊಡುವುದು ಅವನಿಂದ ಆಗಲಿಲ್ಲ. ಹೆಸರು ಹೋದ ಮೇಲೂ ಅವನ ಕೈಗಳು ಬಡವಾಗಲಿಲ್ಲ. ಅವನ ಅತ್ಯುತ್ತಮ ಯಂತ್ರಗಳು ಹುಟ್ಟಿದ್ದು ಆಮೇಲೆಯೇ. ಫ್ರಾಂಟೆನ್ಯಾಕ್ ಇಂದು ಹೆಚ್ಚು ಜನರಿಗೆ ತಿಳಿಯದ ಹೆಸರು. ಆದರೆ ಲೂಯಿಯ ಬಾಳಿನ ನಿಜವಾದ ಶಾಸನವನ್ನು ಓದಬೇಕೆನ್ನುವವರು ಲೋಕವೆಲ್ಲ ಓಡಾಡುವ ಷೆವರ್ಲೆ ಕಾರುಗಳ ಮೇಲೆ ಅದನ್ನು ಹುಡುಕಬಾರದು. ಹತ್ತು ವರ್ಷವೂ ಬಾಳದ ಆ ಪುಟ್ಟ ಸಂಸ್ಥೆಯ ಕೆಲವೇ ಕಾರುಗಳಲ್ಲಿ ಅದನ್ನು ಹುಡುಕಬೇಕು.